ಅಳಿಸಿದ ಟೇಪು, ಉಳಿಸಿದ ಅಭಿಮಾನಿ

(ಚಿತ್ರಪ್ರೇಮಿಗಳ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಪಾಠ)



ಬ್ರಿಟಿಷರ ಬಗ್ಗೆ ಯಾರು ಏನೇ ಹೇಳಲಿ, ಕಾಗದಪತ್ರ ಜೋಪಾನ ಮಾಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂಬ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಈಸ್ಟ್ ಇಂಡಿಯಾ ಕಂಪನಿಯ ಕಾಲದ ಪತ್ರಗಳು, ಲೆಕ್ಕದ ಪುಸ್ತಕಗಳು, ನಕ್ಷೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂದಿಗೂ ಸಾಲುಸಾಲಾಗಿ ಕುಳಿತಿವೆ. ಇಲ್ಲಿನ ಸಂಶೋಧಕರು ಇಲ್ಲಿನ ಚರಿತ್ರೆಯನ್ನು ಹುಡುಕಿಕೊಂಡು ಅಲ್ಲಿಗೆ ಹೋಗುವುದುಂಟು. ಅಂಥ ದೇಶ ತನ್ನ ಟೆಲಿವಿಷನ್ನಿನ ಎಳೆಯ ದಿನಗಳ ಕಾರ್ಯಕ್ರಮಗಳಲ್ಲಿ ದೊಡ್ಡ ಪಾಲನ್ನು ತನ್ನ ಕೈಯಾರೆ ಅಳಿಸಿಹಾಕಿತು ಎಂದರೆ ನಂಬುವುದು ಕಷ್ಟ. ಆದರೆ ಅದು ನಿಜ. ಯುದ್ಧದಲ್ಲಿ ಬಾಂಬು ಬಿದ್ದು ಹೋದದ್ದಲ್ಲ, ಬೆಂಕಿ ಬಿದ್ದು ಸುಟ್ಟದ್ದಲ್ಲ. ಕಚೇರಿಯ ದಿನನಿತ್ಯದ ಕೆಲಸವೆಂಬಂತೆ, ರುಜು ಹಾಕಿ, ಚೀಟಿ ಅಂಟಿಸಿ ಅಳಿಸಿದ್ದು.

ಹಾಗೆ ಹೋದದ್ದರಲ್ಲಿ ಒಂದಿಷ್ಟು ಮರಳಿ ಬಂದಿದೆ. ತಂದವರು ಬಹುಪಾಲು ಸಾಮಾನ್ಯ ವೀಕ್ಷಕರು: ಶಾಲೆಯ ಹುಡುಗರು, ಗುಜರಿ ಅಂಗಡಿ ಸುತ್ತುವ ಸಂಗ್ರಾಹಕರು, ನಿವೃತ್ತ ಎಂಜಿನಿಯರುಗಳು. ಈ ಅಳಿಸುವಿಕೆ ಮತ್ತು ಉಳಿಸುವಿಕೆಯ ಕಥೆಯನ್ನು ಒಂದೇ ಧಾರಾವಾಹಿಯ ಮೂಲಕ ಹೇಳಿಬಿಡಬಹುದು. ಅದರ ಹೆಸರು ‘ಡಾಕ್ಟರ್ ಹೂ’.

ನೀಲಿ ಪೆಟ್ಟಿಗೆಯ ಪಯಣಿಗ

‘ಡಾಕ್ಟರ್ ಹೂ’ ಮೊದಲು ಪ್ರಸಾರವಾದದ್ದು 1963ರ ನವೆಂಬರ್ 23ರ ಶನಿವಾರ ಸಂಜೆ. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯ ಕೊಲೆಯಾಗಿತ್ತು. ಜನರ ಗಮನವೆಲ್ಲ ಅತ್ತಲೇ ಇದ್ದುದರಿಂದ ಮರುವಾರ ಮೊದಲ ಕಂತನ್ನು ಇನ್ನೊಮ್ಮೆ ತೋರಿಸಿ, ಬಳಿಕ ಎರಡನೆಯದನ್ನು ಪ್ರಸಾರ ಮಾಡಿದರು. ಕಥೆಯ ಎಳೆ ಸರಳ. ‘ಡಾಕ್ಟರ್’ ಎಂದಷ್ಟೇ ಕರೆಸಿಕೊಳ್ಳುವ ಒಬ್ಬ ನಿಗೂಢ ವ್ಯಕ್ತಿ. ಹೊರಗಿನಿಂದ ನೋಡಿದರೆ ಬೀದಿ ಬದಿಯ ಪೊಲೀಸ್ ಪೆಟ್ಟಿಗೆಯಂತೆ ಕಾಣುವ, ಒಳಗೆ ವಿಶಾಲವಾಗಿರುವ ಅವನ ಯಂತ್ರ. ಅದರಲ್ಲಿ ಕುಳಿತರೆ ಯಾವ ಕಾಲಕ್ಕಾದರೂ, ಯಾವ ಗ್ರಹಕ್ಕಾದರೂ ಹೋಗಬಹುದು.

ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥರಾಗಿದ್ದ ಕೆನಡಾದ ಸಿಡ್ನಿ ನ್ಯೂಮನ್ ಇದಕ್ಕೆ ಮೂಲ ಪ್ರೇರಕರು. ಮಕ್ಕಳು, ಹಿರಿಯರು ಒಟ್ಟಿಗೆ ನೋಡುವಂಥದ್ದೊಂದು ಬೇಕೆಂದು ಅವರು ಬಯಸಿದ್ದರು. ನಿರ್ಮಾಣದ ಹೊಣೆ ಹೊತ್ತವರು ಇಪ್ಪತ್ತೇಳರ ವೆರಿಟಿ ಲ್ಯಾಂಬರ್ಟ್. ಗಂಡಸರೇ ತುಂಬಿದ್ದ ಆ ವಿಭಾಗದಲ್ಲಿ ಒಬ್ಬ ತರುಣಿ ನಿರ್ಮಾಪಕಿಯಾಗುವುದು ಆಗ ದೊಡ್ಡ ಸಂಗತಿ. ಮೊದಲ ಕಥೆಯನ್ನು ನಿರ್ದೇಶಿಸಿದವರು ಭಾರತದಲ್ಲಿ ಹುಟ್ಟಿದವರು. ಅವರು ಲಖನೌದ ವಾರಿಸ್ ಹುಸೇನ್, ಆಗ ಅವರಿಗೆ 24 ವರ್ಷ. ‘ಸನ್‌ಲೈಟ್ ಆನ್ ಎ ಬ್ರೋಕನ್ ಕಾಲಂ’ ಕಾದಂಬರಿ ಬರೆದ ಅತಿಯಾ ಹುಸೇನ್ ಅವರ ತಾಯಿ. ಒಬ್ಬ ಕೆನಡಾದವ, ಒಬ್ಬ ಹೆಂಗಸು, ಒಬ್ಬ ಭಾರತೀಯ. ಬ್ರಿಟನ್ನಿನ ಮನೆಮಾತಾದ ಧಾರಾವಾಹಿಗೆ ತಳಪಾಯ ಹಾಕಿದವರು ಅಂದಿನ ಬಿಬಿಸಿಗೆ ಒಂದಲ್ಲ ಒಂದು ರೀತಿಯಲ್ಲಿ ಹೊರಗಿನವರೇ.

ಐದನೆಯ ವಾರದ ಹೊತ್ತಿಗೆ ಡಾಲೆಕ್‌ಗಳೆಂಬ ಯಂತ್ರರೂಪಿ ಶತ್ರುಗಳು ತೆರೆಗೆ ಬಂದವು. ಮಕ್ಕಳು ಸೋಫಾದ ಹಿಂದೆ ಅಡಗಿ ಕುಳಿತು ನೋಡುತ್ತಿದ್ದರು ಎಂಬುದು ಅಲ್ಲಿ ಗಾದೆಯಂತೆ ಚಾಲ್ತಿಗೆ ಬಂದ ಮಾತು. ಡಾಕ್ಟರ್ ಪಾತ್ರ ವಹಿಸಿದ್ದ ವಿಲಿಯಂ ಹಾರ್ಟ್ನೆಲ್ 1966ರಲ್ಲಿ ಬಿಟ್ಟಾಗ, ಡಾಕ್ಟರ್ ತನ್ನ ದೇಹವನ್ನೇ ಬದಲಿಸಿಕೊಳ್ಳಬಲ್ಲ ಎಂಬ ಉಪಾಯ ಹೂಡಿ ಪ್ಯಾಟ್ರಿಕ್ ಟ್ರೌಟನ್ ಅವರನ್ನು ಕರೆತಂದರು. ನಟ ಬದಲಾದರೂ ನಾಯಕ ಸಾಯದ ಈ ಜಾಣ್ಮೆಯಿಂದಲೇ ಧಾರಾವಾಹಿ 1989ರವರೆಗೆ ನಡೆಯಿತು. 2005ರಲ್ಲಿ ಮತ್ತೆ ಹುಟ್ಟಿ ಬಂತು.

ಮೊದಲ ಆರು ವರ್ಷಗಳಲ್ಲಿ, ಅಂದರೆ ಈ ಇಬ್ಬರು ನಟರ ಕಾಲದಲ್ಲಿ ಪ್ರಸಾರವಾದದ್ದು 253 ಕಂತು. 2013ರ ಕೊನೆಯಲ್ಲಿ ಲೆಕ್ಕ ಹಾಕಿದಾಗ ಅದರಲ್ಲಿ 97 ಇರಲಿಲ್ಲ. ಹಾರ್ಟ್ನೆಲ್ ಕಾಲದವು 44, ಟ್ರೌಟನ್ ಕಾಲದವು 53. ಹಾರ್ಟ್ನೆಲ್ ಕಾಲದ ಕೊನೆಯ ಕಂತೂ ಕಳೆದುಹೋದವುಗಳ ಪಟ್ಟಿಯಲ್ಲಿತ್ತು. ಒಬ್ಬ ಡಾಕ್ಟರ್ ಇನ್ನೊಬ್ಬನಾಗುವ ಆ ಮೊದಲ ಚಾರಿತ್ರಿಕ ಕ್ಷಣ ಮಾತ್ರ ಉಳಿಯಿತು. ಕಾರಣ, ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮ 1973ರಲ್ಲಿ ಅದರ ತುಣುಕೊಂದನ್ನು ಬಳಸಿಕೊಂಡಿತ್ತು.

ಯಾಕೆ ಅಳಿಸಿದರು?

ಇಂದಿನ ಕಣ್ಣಿಗೆ ಇದು ಅಪರಾಧದಂತೆ ಕಾಣುತ್ತದೆ. ಅಂದಿನವರ ಜಾಗದಲ್ಲಿ ನಿಂತು ನೋಡಿದರೆ ಪ್ರತಿಯೊಂದು ಹೆಜ್ಜೆಗೂ ಒಂದು ಕಾರಣ ಇತ್ತು.

ಮೊದಲನೆಯದು ಅಭ್ಯಾಸ. ಟೆಲಿವಿಷನ್ ಹುಟ್ಟಿದ್ದೇ ರಂಗಭೂಮಿಯ ತಮ್ಮನಂತೆ. ನಾಟಕಗಳು ಸ್ಟುಡಿಯೋದಿಂದ ನೇರವಾಗಿ ಪ್ರಸಾರವಾಗುತ್ತಿದ್ದವು. ಮತ್ತೊಮ್ಮೆ ತೋರಿಸಬೇಕೆಂದರೆ ನಟರೇ ಮತ್ತೆ ಬಂದು ಅಭಿನಯಿಸಬೇಕು. 1953ರ ಪ್ರಸಿದ್ಧ ವಿಜ್ಞಾನ ಧಾರಾವಾಹಿ ‘ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್’ನ ಆರು ಕಂತುಗಳಲ್ಲಿ ಮೊದಲೆರಡನ್ನು ಮಾತ್ರ ಮುದ್ರಿಸಿಕೊಂಡರು. ಉಳಿದ ನಾಲ್ಕು ಅಂದು ನೋಡಿದವರ ನೆನಪಿನಲ್ಲೇ ಕರಗಿದವು. ಪರದೆ ಬಿದ್ದ ಮೇಲೆ ನಾಟಕ ಮುಗಿಯಿತು ಎಂಬುದು ಅವರ ಮನೋಧರ್ಮ.

ಎರಡನೆಯದು ಹಣ. 1956ರಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ ವಿಡಿಯೋ ಟೇಪಿನ ಯಂತ್ರವನ್ನು ಹೊರತಂದಿತು. ಎರಡು ಅಂಗುಲ ಅಗಲದ ಆ ಟೇಪು ಬಲು ದುಬಾರಿ. ಅದರ ದೊಡ್ಡ ಗುಣವೆಂದು ಎಲ್ಲರೂ ಹೊಗಳಿದ್ದು ಒಂದನ್ನೇ: ಅಳಿಸಿ ಮತ್ತೆ ಬಳಸಬಹುದು. ಸ್ಲೇಟಿನ ಮೇಲೆ ಬರೆದದ್ದನ್ನು ಒರೆಸಿ ಮತ್ತೆ ಬರೆದಂತೆ. ಸ್ಲೇಟು ಕೊಂಡವನು ಬರೆದದ್ದನ್ನೆಲ್ಲ ಇಟ್ಟುಕೊಳ್ಳಲು ಕೊಂಡಿರುವುದಿಲ್ಲ.

ಮೂರನೆಯದು ಒಪ್ಪಂದ. ನಟರ ಸಂಘ ಮತ್ತು ಸಂಗೀತಗಾರರ ಸಂಘಗಳಿಗೆ ಮರುಪ್ರಸಾರವೆಂದರೆ ಭಯ. ಹಳೆಯದನ್ನೇ ಮತ್ತೆ ಮತ್ತೆ ತೋರಿಸಿದರೆ ಹೊಸ ಕೆಲಸ ಯಾರು ಕೊಡುತ್ತಾರೆ? ಆದ್ದರಿಂದ ಎಷ್ಟು ಬಾರಿ, ಎಷ್ಟು ಕಾಲದೊಳಗೆ ಮರುಪ್ರಸಾರ ಮಾಡಬಹುದು ಎಂಬುದಕ್ಕೆ ಮಿತಿ ಹಾಕಿಸಿದ್ದರು. ಅವಧಿ ಮೀರಿದ ಟೇಪು ಬಿಬಿಸಿಯ ಪಾಲಿಗೆ ಕಪಾಟಿನಲ್ಲಿ ಜಾಗ ತಿನ್ನುವ ವಸ್ತುವಾಯಿತು. ಹೊಟ್ಟೆಪಾಡಿಗಾಗಿ ನಟರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಅದರ ಪರಿಣಾಮವಾಗಿ ಅವರ ಅಭಿನಯವೇ ಅಳಿಸಿಹೋಗುತ್ತದೆಂದು ಯಾರೂ ಎಣಿಸಿರಲಿಲ್ಲ.

ನಾಲ್ಕನೆಯದು ಬಣ್ಣ. 1967ರಲ್ಲಿ ಬಿಬಿಸಿ-2, 1969ರಲ್ಲಿ ಬಿಬಿಸಿ-1 ಬಣ್ಣಕ್ಕೆ ತಿರುಗಿದವು. ಕಪ್ಪು-ಬಿಳುಪಿನ ಹಳೆಯ ಕಂತುಗಳನ್ನು ಇನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಮನೆಯಲ್ಲೇ ಕುಳಿತು ಬೇಕಾದ ಕ್ಯಾಸೆಟ್ ಹಾಕಿ ನೋಡುವ ಕಾಲ ಬರುತ್ತದೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಟೇಪು ಅಳಿಸಿದರೂ ಚಿಂತೆಯಿರಲಿಲ್ಲ. ಏಕೆಂದರೆ ವಿದೇಶಕ್ಕೆ ಮಾರಲು ಬಿಬಿಸಿಯ ವ್ಯಾಪಾರ ಶಾಖೆಯಾದ ಬಿಬಿಸಿ ಎಂಟರ್‌ಪ್ರೈಸಸ್ 16 ಮಿ.ಮೀ. ಫಿಲ್ಮಿನ ಪ್ರತಿಗಳನ್ನು ಮಾಡಿಸಿಕೊಂಡಿತ್ತು. ಟಿವಿ ಪರದೆಯ ಎದುರು ಚಲನಚಿತ್ರದ ಕ್ಯಾಮೆರಾ ಇಟ್ಟು ತೆಗೆದ ಪ್ರತಿಗಳವು. ಆದರೆ 1972ರಿಂದ 1978ರ ನಡುವೆ, ಮಾರಾಟದ ಹಕ್ಕಿನ ಅವಧಿ ಮುಗಿದಂತೆಲ್ಲ, ಆ ಫಿಲ್ಮುಗಳನ್ನೂ ನಾಶ ಮಾಡಲಾಯಿತು. ಮೂಲ ಪ್ರತಿ ಬಿಬಿಸಿಯ ಫಿಲ್ಮ್ ಲೈಬ್ರರಿಯಲ್ಲಿ ಇದ್ದೇ ಇರುತ್ತದೆಂದು ಎಂಟರ್‌ಪ್ರೈಸಸ್‌ನವರ ನಂಬಿಕೆ. ಟೇಪಿನಲ್ಲಿ ತಯಾರಾದ ಕಾರ್ಯಕ್ರಮ ತಮ್ಮ ಹೊಣೆಯಲ್ಲ, ಅದು ಎಂಟರ್‌ಪ್ರೈಸಸ್‌ನವರ ಬಳಿ ಇರುತ್ತದೆಂದು ಲೈಬ್ರರಿಯವರ ನಂಬಿಕೆ. ಇವರು ಇಟ್ಟಿರುತ್ತಾರೆಂದು ಅವರು, ಅವರು ಇಟ್ಟಿರುತ್ತಾರೆಂದು ಇವರು. ಕೊನೆಗೆ ಇಟ್ಟವರು ಯಾರೂ ಇಲ್ಲ.

ಹೀಗೆ ಹೋದದ್ದು ಒಂದು ಧಾರಾವಾಹಿ ಮಾತ್ರವಲ್ಲ. 1969ರ ಜುಲೈಯಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ರಾತ್ರಿ ಬಿಬಿಸಿ ತನ್ನ ಸ್ಟುಡಿಯೋದಿಂದ ನಡೆಸಿಕೊಟ್ಟ ಪ್ರಸಾರ ಉಳಿಯಲಿಲ್ಲ. 1963ರ ಜನವರಿಯಲ್ಲಿ ಪ್ರಸಾರವಾದ ‘ಮ್ಯಾಡ್‌ಹೌಸ್ ಆನ್ ಕ್ಯಾಸಲ್ ಸ್ಟ್ರೀಟ್’ ಎಂಬ ನಾಟಕದಲ್ಲಿ ಆಗಿನ್ನೂ ಹೆಸರು ಮಾಡದ ಅಮೆರಿಕದ ಗಾಯಕನೊಬ್ಬ ನಟಿಸಿ ಹಾಡಿದ್ದ. ಅವನೇ ಬಾಬ್ ಡಿಲನ್. 1968ರಲ್ಲಿ ಅದನ್ನು ಅಳಿಸಿದಾಗ ಡಿಲನ್ ಜಗತ್ಪ್ರಸಿದ್ಧನಾಗಿದ್ದ. ಪೀಟರ್ ಕುಕ್ ಮತ್ತು ಡಡ್ಲಿ ಮೂರ್ ಎಂಬ ಹಾಸ್ಯ ಜೋಡಿ ತಮ್ಮ ಕಾರ್ಯಕ್ರಮದ ಟೇಪುಗಳನ್ನು ಅಳಿಸಬೇಡಿ, ಬೇಕಾದರೆ ಖರ್ಚು ತಾವೇ ಕೊಡುತ್ತೇವೆ ಎಂದರೂ ಸಂಸ್ಥೆ ಒಪ್ಪಲಿಲ್ಲ. ನಿಯಮ ನಿಯಮವೇ.

ಗೋದಾಮಿನ ಚೀಟಿ

1978ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಬಿಬಿಸಿ ತನ್ನ ಕಾರ್ಯಕ್ರಮಗಳಲ್ಲಿ ಯಾವುದನ್ನು ಉಳಿಸಬೇಕೆಂದು ಆರಿಸುವುದಕ್ಕೇ ಒಂದು ಹುದ್ದೆ ಸೃಷ್ಟಿಸಿ, ಸೂ ಮಾಲ್ಡನ್ ಎಂಬುವರನ್ನು ನೇಮಿಸಿತು. ಯಾವುದು ಹೇಗೆ ಕಳೆದುಹೋಯಿತೆಂದು ತಿಳಿಯಲು ಅವರು ಮಾದರಿಯಾಗಿ ಆರಿಸಿಕೊಂಡದ್ದು ‘ಡಾಕ್ಟರ್ ಹೂ’ವನ್ನೇ.

ಅದೇ ವರ್ಷ ಇಯಾನ್ ಲೆವೀನ್ ಎಂಬ ಅಭಿಮಾನಿ ಹಳೆಯ ಕಂತುಗಳ ಪ್ರತಿ ಕೊಳ್ಳಲು ಸಿಗುತ್ತವೆಯೇ ಎಂದು ವಿಚಾರಿಸುತ್ತ ಲಂಡನ್ನಿನ ಈಲಿಂಗ್‌ನಲ್ಲಿದ್ದ ಎಂಟರ್‌ಪ್ರೈಸಸ್ ಕಚೇರಿಗೆ ಹೋದರು. ಅವರು ಸಂಗೀತ ಮುದ್ರಣದ ಕ್ಷೇತ್ರದವರು, ಬಿಬಿಸಿಯ ನೌಕರರಲ್ಲ. ಅಲ್ಲಿ ಕಂಡದ್ದು ಕಟ್ಟಿಟ್ಟ ಡಬ್ಬಿಗಳ ರಾಶಿ, ಮೇಲೆ ನಾಶ ಮಾಡತಕ್ಕದ್ದು ಎಂಬ ಅರ್ಥದ ಚೀಟಿ. ಒಳಗಿದ್ದದ್ದು ಡಾಲೆಕ್‌ಗಳು ಕಾಣಿಸಿಕೊಂಡ ಮೊದಲ ಕಥೆಯ ಏಳೂ ಕಂತುಗಳು. ಧಾರಾವಾಹಿಗೆ ಜನಪ್ರಿಯತೆ ತಂದುಕೊಟ್ಟ ಕಥೆಯೇ ಕಸದ ಬುಟ್ಟಿಯ ಅಂಚಿನಲ್ಲಿತ್ತು. ಅವರ ಗಲಾಟೆಯಿಂದ ಅದು ಉಳಿಯಿತು. ಆ ವರ್ಷವೇ ನಾಶ ಮಾಡುವ ಪದ್ಧತಿಯೂ ನಿಂತಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಒಳಗಿನ ಒಬ್ಬ ಅಧಿಕಾರಿ ಮತ್ತು ಹೊರಗಿನ ಒಬ್ಬ ಅಭಿಮಾನಿ, ಇಬ್ಬರೂ ಬೇಕಾಯಿತು. ಕಪಾಟಿನ ಕೀಲಿ ಅಧಿಕಾರಿಯ ಕೈಯಲ್ಲಿ. ಕಪಾಟಿನಲ್ಲಿ ಏನಿರಬೇಕು ಎಂಬ ಅರಿವು ಅಭಿಮಾನಿಯ ತಲೆಯಲ್ಲಿ. ಯಾವ ಕಥೆಗೆ ಎಷ್ಟು ಕಂತು, ಯಾವುದು ಯಾವ ದೇಶಕ್ಕೆ ಮಾರಾಟವಾಗಿತ್ತು ಎಂಬ ಪಟ್ಟಿಗಳನ್ನು ಅಭಿಮಾನಿಗಳು ಆಸ್ಥೆಯಿಂದ ಬರೆದಿಡುತ್ತ ಬಂದಿದ್ದರು. 1976ರಲ್ಲೇ ಅವರದೊಂದು ಸಂಘ ಹುಟ್ಟಿತ್ತು. ಹುಚ್ಚು ಎಂದು ನಗುತ್ತಿದ್ದವರಿಗೆ ಆ ಪಟ್ಟಿಗಳೇ ಮುಂದೆ ದಾರಿದೀಪವಾದವು.

ಕಿವಿಗೆ ಉಳಿದದ್ದು, ಕತ್ತರಿಗೆ ಸಿಕ್ಕಿದ್ದು

ವಿಡಿಯೋ ರೆಕಾರ್ಡರ್ ಮನೆಗಳಿಗೆ ಬರುವುದಕ್ಕೆ ಎಷ್ಟೋ ಮೊದಲು, 1960ರ ದಶಕದಲ್ಲಿ, ಕೆಲವು ಮಕ್ಕಳು ಮತ್ತು ಹದಿಹರೆಯದವರು ಶನಿವಾರ ಸಂಜೆ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕುಳಿತರು. ಕೆಲವರು ಮೈಕನ್ನು ಟಿವಿಯ ಸ್ಪೀಕರ್‌ಗೆ ಹಿಡಿದರು. ಯಂತ್ರದ ಒಳಹೊರಗು ತಿಳಿದವರು ತಂತಿಯನ್ನೇ ಜೋಡಿಸಿದರು. ಚಿತ್ರವನ್ನು ಹಿಡಿಯಲು ಅವರಿಗೆ ದಾರಿಯಿರಲಿಲ್ಲ, ದನಿಯನ್ನು ಹಿಡಿದರು. ಮತ್ತೆ ಕೇಳಬೇಕೆಂಬ ಆಸೆಯೊಂದೇ ಅದಕ್ಕೆ ಕಾರಣ.

ಫಲ ಏನೆಂದರೆ, ಚಿತ್ರ ಕಳೆದುಹೋದ ‘ಡಾಕ್ಟರ್ ಹೂ’ ಕಂತುಗಳಲ್ಲಿ ದನಿ ಕಳೆದುಹೋದದ್ದು ಒಂದೂ ಇಲ್ಲ. ಒಂದೊಂದಕ್ಕೂ ಧ್ವನಿಮುದ್ರಣ ಇದೆ. ಅಪಾರ ಸಿಬ್ಬಂದಿ, ಗೋದಾಮು, ಲೈಬ್ರರಿಗಳಿದ್ದ ಸಂಸ್ಥೆಗೆ ಆಗದ್ದನ್ನು ಒಂದಿಷ್ಟು ಮಕ್ಕಳು ಬೈಠಕ್‌ಖಾನೆಯಲ್ಲಿ ಕುಳಿತು ಮಾಡಿದ್ದರು. ಬಿಬಿಸಿಯೇ ಮುಂದೆ ಆ ಮುದ್ರಣಗಳನ್ನು ಶುದ್ಧಗೊಳಿಸಿ ಮಾರಾಟಕ್ಕೆ ತಂದಿತು. ಅದರ ಮೇಲೆ ಹೊಸದಾಗಿ ಅನಿಮೇಷನ್ ಚಿತ್ರ ಬರೆಸಿ, 2006ರಲ್ಲಿ ‘ದಿ ಇನ್ವೇಷನ್’ ಕಥೆಯ ಎರಡು ಕಂತುಗಳನ್ನೂ 2016ರಲ್ಲಿ ‘ದಿ ಪವರ್ ಆಫ್ ದಿ ಡಾಲೆಕ್ಸ್’ ಕಥೆಯನ್ನು ಪೂರ್ತಿಯಾಗಿಯೂ ಮತ್ತೆ ನೋಡುವಂತೆ ಮಾಡಿತು.

ಕಣ್ಣಿಗೂ ಒಂದಿಷ್ಟು ಉಳಿಯಿತು. ಜಾನ್ ಕುರಾ ಎಂಬ ಛಾಯಾಗ್ರಾಹಕರಿಗೆ ಟಿವಿ ಪರದೆಯ ಫೋಟೋ ತೆಗೆಯುವುದೇ ಕಸುಬು. ಪ್ರಸಾರವಾಗುತ್ತಿರುವಾಗಲೇ ಒಂದೊಂದು ಕಂತಿಗೆ ಹಲವು ಹತ್ತು ಚಿತ್ರ ತೆಗೆದು ನಟರಿಗೆ, ನಿರ್ದೇಶಕರಿಗೆ ಮಾರುತ್ತಿದ್ದರು. ತಮ್ಮ ಕೆಲಸದ ಗುರುತು ಬೇಕಾದವರಿಗೆ ಅದೊಂದೇ ದಾರಿಯಾಗಿತ್ತು. ಹೊಟ್ಟೆಪಾಡಿಗೆ ಮಾಡಿದ ಆ ‘ಟೆಲಿ-ಸ್ನ್ಯಾಪ್’ಗಳು ಇಂದು ಹಲವು ಕಂತುಗಳಿಗೆ ಉಳಿದಿರುವ ಏಕೈಕ ಚಿತ್ರದಾಖಲೆ.

ಎಲ್ಲಕ್ಕಿಂತ ವಿಚಿತ್ರವಾದದ್ದು ಆಸ್ಟ್ರೇಲಿಯಾದ ಸೆನ್ಸಾರಿನವರ ಕೊಡುಗೆ. ಮಕ್ಕಳಿಗೆ ಭಯ ಹುಟ್ಟಿಸುವ ದೃಶ್ಯಗಳನ್ನು ಅವರು ಕತ್ತರಿಸಿ ತೆಗೆದು, ಕಾನೂನಿನ ಪ್ರಕಾರ ಆ ತುಣುಕುಗಳನ್ನು ಕಡತದ ಜೊತೆ ಇಟ್ಟರು. 1996ರಲ್ಲಿ ಅಲ್ಲಿನ ಅಭಿಮಾನಿಗಳು ರಾಷ್ಟ್ರೀಯ ದಫ್ತರಖಾನೆಯಲ್ಲಿ ಅವನ್ನು ಪತ್ತೆ ಹಚ್ಚಿದರು. ನೋಡಬಹುದೆಂದು ಒಪ್ಪಿದ ಕಂತು ಪೂರ್ತಿ ನಾಶವಾಗಿದೆ. ನೋಡಬಾರದೆಂದು ಕತ್ತರಿಸಿದ ತುಣುಕು ಭದ್ರವಾಗಿದೆ!

ಚರ್ಚಿನ ನೆಲಮಾಳಿಗೆಯಿಂದ ಜೋಸ್ ನಗರದವರೆಗೆ

ಫಿಲ್ಮಿನ ಪ್ರತಿಗಳು ದೇಶದಿಂದ ದೇಶಕ್ಕೆ ತಿರುಗಾಡಿದ್ದವು. ಒಂದು ದೇಶದಲ್ಲಿ ಪ್ರಸಾರ ಮುಗಿದರೆ ಅದೇ ಪ್ರತಿ ಮುಂದಿನ ದೇಶಕ್ಕೆ. ಕೊನೆಯಲ್ಲಿ ಹಿಂದಿರುಗಿಸಬೇಕು ಅಥವಾ ನಾಶ ಮಾಡಬೇಕು ಎಂಬುದು ಕರಾರು. ಎಲ್ಲರೂ ಕರಾರು ಪಾಲಿಸಿದ್ದರೆ ಇಂದು ಏನೂ ಸಿಗುತ್ತಿರಲಿಲ್ಲ. ಅಲ್ಲಲ್ಲಿ ಯಾರೋ ಮರೆತರು, ಯಾರೋ ಸೋಮಾರಿತನ ಮಾಡಿದರು, ಯಾರೋ ಮನೆಗೆ ಒಯ್ದರು. ಚರಿತ್ರೆ ಅಂಥವರಿಗೂ ಋಣಿ.

1983ರಲ್ಲಿ ಲಂಡನ್ನಿನ ಮಾರ್ಮನ್ ಚರ್ಚೊಂದರ ನೆಲಮಾಳಿಗೆಯಲ್ಲಿ ಎರಡು ಕಂತುಗಳು ಸಿಕ್ಕವು. 1992ರಲ್ಲಿ ಹಾಂಗ್‌ಕಾಂಗ್‌ನಿಂದ ‘ದಿ ಟೂಂಬ್ ಆಫ್ ದಿ ಸೈಬರ್‌ಮೆನ್’ ಕಥೆಯ ನಾಲ್ಕೂ ಕಂತುಗಳು ಬಂದವು. 1999ರಲ್ಲಿ ನ್ಯೂಜಿಲೆಂಡ್‌ನ ಸಂಗ್ರಾಹಕನ ಬಳಿ ಒಂದು. 2004ರಲ್ಲಿ ಬಿಬಿಸಿಯ ಮಾಜಿ ಎಂಜಿನಿಯರ್ ಬಳಿ ಒಂದು. 2011ರಲ್ಲಿ ನಿವೃತ್ತ ಟಿವಿ ಎಂಜಿನಿಯರೊಬ್ಬರ ಬಳಿ ಎರಡು. ಈ ಕೊನೆಯವರು ಅವನ್ನು 1980ರ ದಶಕದಲ್ಲಿ ಒಂದು ಜಾತ್ರೆಯಂಥ ಮಾರಾಟದಲ್ಲಿ ಕೊಂಡಿದ್ದರು. ತಮ್ಮ ಬಳಿ ಇರುವುದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲವೆಂದು ಅವರಿಗೆ ಗೊತ್ತಿರಲಿಲ್ಲ.

2013ರಲ್ಲಿ, ಧಾರಾವಾಹಿಗೆ ಐವತ್ತು ತುಂಬುವ ಹೊತ್ತಿಗೆ, ದೊಡ್ಡ ಸುದ್ದಿ ಬಂತು. ಫಿಲಿಪ್ ಮಾರಿಸ್ ಎಂಬ ಬ್ರಿಟಿಷ್ ಶೋಧಕ ನೈಜೀರಿಯಾದ ಜೋಸ್ ನಗರದ ಟಿವಿ ಮರುಪ್ರಸಾರ ಕೇಂದ್ರದ ಉಗ್ರಾಣದಲ್ಲಿ ಧೂಳು ಹಿಡಿದಿದ್ದ ಡಬ್ಬಿಗಳನ್ನು ಪತ್ತೆ ಮಾಡಿದ್ದರು. ಕಳೆದುಹೋಗಿದ್ದ ಒಂಬತ್ತು ಕಂತುಗಳು ಒಮ್ಮೆಲೇ ಸಿಕ್ಕವು. ‘ದಿ ಎನಿಮಿ ಆಫ್ ದಿ ವರ್ಲ್ಡ್’ ಕಥೆ ಪೂರ್ಣವಾಯಿತು. ‘ದಿ ವೆಬ್ ಆಫ್ ಫಿಯರ್’ ಒಂದು ಕಂತು ಬಿಟ್ಟು ಪೂರ್ಣವಾಯಿತು.

ಇವುಗಳಲ್ಲಿ ಮೊದಲನೆಯ ಕಥೆಯಿಂದ ಕಲಿಯಬೇಕಾದ ಪಾಠವಿದೆ. ಅದರ ಆರು ಕಂತುಗಳಲ್ಲಿ ಅದುವರೆಗೆ ಉಳಿದಿದ್ದದ್ದು ಮೂರನೆಯದೊಂದೇ. ಅದನ್ನಷ್ಟೇ ನೋಡಿದ ಅಭಿಮಾನಿಗಳು ಇದು ಸಾಧಾರಣ ಕಥೆ ಎಂದು ಬದಿಗಿಟ್ಟಿದ್ದರು. ಪೂರ್ತಿ ಸಿಕ್ಕಿ ನೋಡಿದಾಗ ಅಭಿಪ್ರಾಯ ತಲೆಕೆಳಗಾಯಿತು. ಟ್ರೌಟನ್ ಇಲ್ಲಿ ಡಾಕ್ಟರ್ ಮತ್ತು ಖಳನಾಯಕ, ಎರಡೂ ಪಾತ್ರಗಳನ್ನು ಮಾಡಿದ್ದಾರೆ. ಅವರ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದೆಂದು ಈಗ ಹೊಗಳುತ್ತಾರೆ. ಚೂರು ನೋಡಿ ಇಡಿಯ ಬೆಲೆ ಕಟ್ಟಿದರೆ ಅಭಿಮಾನಿಯೂ ಎಡವುತ್ತಾನೆ. ಹಾಗಿರುವಾಗ ಏನೂ ನೋಡದೆ ಬೆಲೆ ಕಟ್ಟಿದ ಗುಮಾಸ್ತನ ಮಾತೇನು?

ಕಳ್ಳನೋ, ಕಾವಲುಗಾರನೋ?

ಈ ಕಥೆಯಲ್ಲಿ ಒಂದು ಇಕ್ಕಟ್ಟೂ ಇದೆ. ಬಿಬಿಸಿಯ ಕಸದಿಂದ ಹೊರಬಿದ್ದ ಫಿಲ್ಮು ಕಾನೂನಿನ ಕಣ್ಣಿಗೆ ಬಿಬಿಸಿಯದೇ. ನಾಶ ಮಾಡೆಂದು ಕೊಟ್ಟದ್ದನ್ನು ನೌಕರ ಬಚ್ಚಿಟ್ಟು ಒಯ್ದರೆ ಅದು ಕಳವು. ಅದನ್ನು ಕೊಂಡ ಸಂಗ್ರಾಹಕನಿಗೂ ಭಯ. ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಬಾಬ್ ಮಂಕ್‌ಹೌಸ್ ಎಂಬ ಜನಪ್ರಿಯ ಹಾಸ್ಯನಟ ಹಳೆಯ ಚಿತ್ರಗಳ ದೊಡ್ಡ ಸಂಗ್ರಾಹಕರಾಗಿದ್ದರು. ಪೊಲೀಸರು ಅವರ ಸಂಗ್ರಹವನ್ನು ವಶಪಡಿಸಿಕೊಂಡು, ಚಿತ್ರ ವಿತರಕರಿಗೆ ವಂಚನೆ ಮಾಡಿದ ಆರೋಪ ಹೊರಿಸಿದರು. 1979ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದು ಬಿಟ್ಟಿತು. ಆದರೆ ಉಳಿದ ಸಂಗ್ರಾಹಕರಿಗೆ ಸಂದೇಶ ತಲುಪಿತ್ತು: ಬಾಯಿ ಬಿಡಬೇಡ, ಡಬ್ಬಿ ತೆರೆಯಬೇಡ. 2003ರಲ್ಲಿ ಮಂಕ್‌ಹೌಸ್ ತೀರಿಕೊಂಡ ನಂತರ ಅವರ ಸಂಗ್ರಹವನ್ನು ಪರಿಶೀಲಿಸಿದಾಗ, ಕಳೆದೇಹೋಗಿವೆ ಎಂದುಕೊಂಡಿದ್ದ ಕಾರ್ಯಕ್ರಮಗಳು ಅಲ್ಲಿದ್ದವು.

ಸಂಗ್ರಾಹಕರೆಲ್ಲ ಸಂತರೆಂದು ಇದರ ಅರ್ಥವಲ್ಲ. ತನ್ನ ಬಳಿ ಮಾತ್ರ ಇದೆ ಎಂಬ ಹೆಮ್ಮೆಗಾಗಿಯೇ ಬಚ್ಚಿಟ್ಟುಕೊಳ್ಳುವವರೂ ಇರುತ್ತಾರೆ. ಆದ್ದರಿಂದ ದಂಡಕ್ಕಿಂತ ಸ್ನೇಹ ಹೆಚ್ಚು ಫಲ ಕೊಡುತ್ತದೆಂದು ಸಂಸ್ಥೆಗಳು ನಿಧಾನವಾಗಿ ಕಲಿತವು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1993ರಲ್ಲಿ ‘ಮಿಸ್ಸಿಂಗ್ ಬಿಲೀವ್ಡ್ ವೈಪ್ಡ್’ ಎಂಬ ಕಾರ್ಯಕ್ರಮ ಆರಂಭಿಸಿತು. ಕಳೆದು ಸಿಕ್ಕ ಟಿವಿ ಕಾರ್ಯಕ್ರಮಗಳನ್ನು ಸಾರ್ವಜನಿಕರ ಎದುರು ತೋರಿಸಿ, ತಂದುಕೊಟ್ಟವರನ್ನು ಗೌರವಿಸುವ ಸಭೆ ಅದು. ಕೊಟ್ಟವನಿಗೆ ಪ್ರತಿ ಮಾಡಿಕೊಟ್ಟು ಮೂಲವನ್ನು ಹಿಂದಿರುಗಿಸುವ ಪದ್ಧತಿಯೂ ಬೆಳೆಯಿತು. 2010ರಲ್ಲಿ ಇದೇ ಸಂಸ್ಥೆ ಕಳೆದುಹೋದ 75 ಬ್ರಿಟಿಷ್ ಚಲನಚಿತ್ರಗಳ ಪಟ್ಟಿ ಪ್ರಕಟಿಸಿ, ಹುಡುಕಿಕೊಡಿ ಎಂದು ಜನರನ್ನೇ ಕೇಳಿತು. ಹಿಚ್‌ಕಾಕ್ ಆರಂಭದ ದಿನಗಳಲ್ಲಿ ನಿರ್ದೇಶಿಸಿದ ‘ದಿ ಮೌಂಟನ್ ಈಗಲ್’ ಆ ಪಟ್ಟಿಯಲ್ಲಿತ್ತು.

ನೋಡಿದವರೇ ಮಾಡಿದರು

ಅಭಿಮಾನಿಯೆಂದರೆ ಚಪ್ಪಾಳೆ ಹೊಡೆಯುವವನು, ಹಸ್ತಾಕ್ಷರ ಕೇಳುವವನು ಎಂಬ ಕಲ್ಪನೆ ಇದೆ. ‘ಡಾಕ್ಟರ್ ಹೂ’ ಅಭಿಮಾನಿಗಳು ಆ ಕಲ್ಪನೆಯನ್ನು ಮುರಿದರು. 1989ರಲ್ಲಿ ಧಾರಾವಾಹಿ ನಿಂತ ಮೇಲೆ, 1996ರ ಒಂದು ಟಿವಿ ಚಿತ್ರ ಬಿಟ್ಟರೆ, 2005ರವರೆಗೆ ತೆರೆಯ ಮೇಲೆ ಹೊಸ ಕಥೆ ಬರಲಿಲ್ಲ. ಆ ಹದಿನಾರು ವರ್ಷ ಅದನ್ನು ಜೀವಂತ ಇಟ್ಟದ್ದು ಅಭಿಮಾನಿಗಳು ಬರೆದ ಕಾದಂಬರಿಗಳು, 1999ರಿಂದ ಅವರು ತಯಾರಿಸಿದ ಧ್ವನಿ ನಾಟಕಗಳು, 1979ರಲ್ಲಿ ಹುಟ್ಟಿ ನಿಲ್ಲದೆ ಬಂದ ಒಂದು ಪತ್ರಿಕೆ.

2005ರಲ್ಲಿ ಧಾರಾವಾಹಿಯನ್ನು ಮರಳಿ ತಂದ ರಸೆಲ್ ಟಿ. ಡೇವಿಸ್ ಆ ಕಾದಂಬರಿಕಾರರಲ್ಲಿ ಒಬ್ಬರು. ಅವರ ನಂತರ ಚುಕ್ಕಾಣಿ ಹಿಡಿದ ಸ್ಟೀವನ್ ಮೊಫಾಟ್ ಕೂಡ ಬಾಲ್ಯದಿಂದ ಅಭಿಮಾನಿ. ಮೂರನೆಯವರಾದ ಕ್ರಿಸ್ ಚಿಬ್‌ನಲ್ 1986ರಲ್ಲಿ, ಹದಿನಾರರ ಹುಡುಗನಾಗಿದ್ದಾಗ, ಬಿಬಿಸಿಯದೇ ಕಾರ್ಯಕ್ರಮದಲ್ಲಿ ಅಭಿಮಾನಿ ಸಂಘದ ಪರವಾಗಿ ಕುಳಿತು, ಆಗಿನ ಕಥೆ ಚೆನ್ನಾಗಿಲ್ಲವೆಂದು ಅದರ ಲೇಖಕರ ಮುಂದೆಯೇ ಟೀಕಿಸಿದ್ದರು. ಹನ್ನೆರಡನೆಯ ಡಾಕ್ಟರ್ ಆದ ನಟ ಪೀಟರ್ ಕಪಾಲ್ಡಿ 1974ರಲ್ಲಿ ಹದಿನೈದರ ಹುಡುಗನಾಗಿ ಬಿಬಿಸಿಯ ‘ರೇಡಿಯೋ ಟೈಮ್ಸ್’ ವಾರಪತ್ರಿಕೆಗೆ ಬರೆದ ಮೆಚ್ಚುಗೆಯ ಪತ್ರ ಅಚ್ಚಾಗಿತ್ತು.

ದುರಸ್ತಿಯ ಕೆಲಸದಲ್ಲೂ ಇದೇ ಪ್ರೀತಿ ದುಡಿಯಿತು. 1970ರ ದಶಕದ ಕೆಲವು ಕಂತುಗಳ ಬಣ್ಣದ ಟೇಪು ಅಳಿಸಿಹೋಗಿ ಕಪ್ಪು-ಬಿಳುಪು ಫಿಲ್ಮು ಮಾತ್ರ ಉಳಿದಿತ್ತು. 1971ರ ‘ದಿ ಡೀಮನ್ಸ್’ ಕಥೆಯನ್ನು ಅಮೆರಿಕದಲ್ಲಿ ಒಬ್ಬರು ಮನೆಯಲ್ಲೇ ಬಣ್ಣದಲ್ಲಿ ಮುದ್ರಿಸಿಕೊಂಡಿದ್ದರು. ಆ ಟೇಪಿನ ಬಣ್ಣವನ್ನೂ ಫಿಲ್ಮಿನ ಸ್ಪಷ್ಟತೆಯನ್ನೂ 1992ರಲ್ಲಿ ಒಂದುಗೂಡಿಸಿದರು. ಮುಂದೆ ಇನ್ನೊಂದು ಸೋಜಿಗ ಕಂಡಿತು. ಬಣ್ಣದ ಟೇಪಿನಿಂದ ಕಪ್ಪು-ಬಿಳುಪು ಫಿಲ್ಮು ಮಾಡುವಾಗ ಬಣ್ಣದ ಸಂಕೇತ ಸಣ್ಣ ಸಣ್ಣ ಚುಕ್ಕಿಗಳಾಗಿ ಚಿತ್ರದಲ್ಲೇ ಉಳಿದುಬಿಟ್ಟಿತ್ತು. ದಶಕಗಳ ಕಾಲ ದೋಷವೆಂದು ಕಂಡದ್ದನ್ನು ಕಂಪ್ಯೂಟರಿನಲ್ಲಿ ಓದಿ, ಅದರಿಂದಲೇ ಮೂಲದ ಬಣ್ಣ ಹೊರತೆಗೆದರು. 2008ರಲ್ಲಿ ‘ಡ್ಯಾಡ್ಸ್ ಆರ್ಮಿ’ ಎಂಬ ಹಾಸ್ಯ ಧಾರಾವಾಹಿಯ ಒಂದು ಕಂತು ಹೀಗೆ ಬಣ್ಣ ಪಡೆದು ಪ್ರಸಾರವಾಯಿತು.

ಉಳಿಸುವ ಹೊಣೆ ಯಾರದು?

ಇಷ್ಟೆಲ್ಲ ಹೇಳಿದ ಮೇಲೆ, ಒಂದು ಹಳೆಯ ಮಕ್ಕಳ ಧಾರಾವಾಹಿಗೆ ಇಷ್ಟು ಪರದಾಟ ಯಾಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ವಾರಿಸ್ ಹುಸೇನ್ ಅವರಲ್ಲಿದೆ. ಅವರು ನಿರ್ದೇಶಿಸಿದ ‘ಡಾಕ್ಟರ್ ಹೂ’ ಕಥೆಗಳು ಎರಡೇ. ಮೊದಲನೆಯದರ ನಾಲ್ಕೂ ಕಂತುಗಳಿವೆ. ಎರಡನೆಯದು 1964ರ ‘ಮಾರ್ಕೋ ಪೋಲೋ’. ಏಳು ಕಂತುಗಳಲ್ಲಿ ಆರನ್ನು ನಿರ್ದೇಶಿಸಿದವರು ಅವರು. 2013ರ ಕೊನೆಯ ಲೆಕ್ಕದಲ್ಲಿ ಆ ಏಳರಲ್ಲಿ ಒಂದೂ ಇರಲಿಲ್ಲ. ಲಖನೌದಿಂದ ಹೋದ ಯುವಕನೊಬ್ಬ ಲಂಡನ್ನಿನ ಸ್ಟುಡಿಯೋದಲ್ಲಿ ಕುಬ್ಲಾಯ್ ಖಾನನ ಏಷ್ಯಾವನ್ನು ಹೇಗೆ ಕಟ್ಟಿದ್ದ ಎಂಬುದನ್ನು ದನಿ ಕೇಳಿ, ಕೆಲವು ಫೋಟೋ ನೋಡಿ ಊಹಿಸಬೇಕಷ್ಟೆ. ಅಳಿದದ್ದು ಬರೀ ಟೇಪಲ್ಲ. ಮನುಷ್ಯರು ಮಾಡಿದ ಕೆಲಸ.

ಅಪಾಯ ಇನ್ನೂ ಮುಗಿದಿಲ್ಲ. ಹಳೆಯ ಅಸಿಟೇಟ್ ಫಿಲ್ಮು ಸೆಕೆ, ತೇವಗಳಿಗೆ ಸಿಕ್ಕರೆ ವಿನಿಗರಿನಂತೆ ಹುಳಿ ವಾಸನೆ ಹೊಡೆಯುತ್ತ, ಸುಕ್ಕುಗಟ್ಟಿ ಹಾಳಾಗುತ್ತದೆ. ಅದನ್ನು ಕಾಪಾಡಿಕೊಂಡು ಬಂದ ಸಂಗ್ರಾಹಕರಿಗೂ ವಯಸ್ಸಾಗುತ್ತಿದೆ. ಅವರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವ ಮಕ್ಕಳಿಗೆ ತುಕ್ಕು ಹಿಡಿದ ಡಬ್ಬಿ ಬರೀ ಕಸ. 1970ರ ದಶಕದಲ್ಲಿ ಬಿಬಿಸಿಯ ಕಚೇರಿಯಲ್ಲಿ ನಡೆದದ್ದೇ ಈಗ ಒಂದೊಂದು ಮನೆಯ ಅಟ್ಟದಲ್ಲಿ ಸದ್ದಿಲ್ಲದೆ ನಡೆಯಬಹುದು. ಅಟ್ಟದಲ್ಲಿ ಏನಿದೆಯೆಂದು ಬಲ್ಲವರು ಬದುಕಿರುವಾಗಲೇ ಅವರನ್ನು ಮಾತನಾಡಿಸಬೇಕಾಗಿದೆ.

ನಾಳೆಯವರಿಗೆ ಯಾವುದು ಬೇಕಾಗುತ್ತದೆ ಎಂದು ಇಂದಿನ ಯಾವ ಕಚೇರಿಯೂ ಖಚಿತವಾಗಿ ಹೇಳಲಾರದು. ಬಿಬಿಸಿಯ ಅಧಿಕಾರಿಗಳು ದುಷ್ಟರಾಗಿರಲಿಲ್ಲ. ತಮ್ಮ ಕಾಲದ ಲೆಕ್ಕಾಚಾರದಲ್ಲಿ ಅವರು ಸರಿಯಾಗಿಯೇ ಇದ್ದರು. ಲೆಕ್ಕ ತಪ್ಪಿದ್ದು ಮುಂದಿನ ಕಾಲದಲ್ಲಿ. ಮೈಕು ಹಿಡಿದು ಕುಳಿತ ಮಕ್ಕಳಿಗೆ ಅಂಥ ಲೆಕ್ಕಾಚಾರವೇ ಇರಲಿಲ್ಲ. ಇಷ್ಟವಾದದ್ದನ್ನು ಇನ್ನೊಮ್ಮೆ ಕೇಳಬೇಕಿತ್ತು, ಅಷ್ಟೆ. ಉಳಿಸುವವರ ಕೈಗೆ ಕೀಲಿ ಸಿಗುವುದು ಅಪರೂಪ. ಕೀಲಿ ಇದ್ದವರಿಗೆ ಉಳಿಸಬೇಕೆನಿಸುವುದೂ ಅಪರೂಪ. ಈ ಇಬ್ಬರೂ ಒಂದೇ ಮೇಜಿಗೆ ಬಂದಾಗಲೆಲ್ಲ ಒಂದು ಕಂತು ಕತ್ತಲಿನಿಂದ ಹೊರಗೆ ಬಂದಿದೆ.